ಶುಕ್ರವಾರದ ಫೋನು

ನನ್ನ ಅಪ್ಪ ಆರು ವರ್ಷ ದುಡಿದ ವಿಮಾನ ನಿಲ್ದಾಣವನ್ನು ನಾನು ನೋಡಿಲ್ಲ. ಕೊಲ್ಲಿ ದೇಶದ ಒಂದು ದೊಡ್ಡ ಪಟ್ಟಣದ್ದು ಅದು. ಲೋಕದ ಮೂಲೆಮೂಲೆಯ ವಿಮಾನಗಳು ಅಲ್ಲಿ ಇಳಿದು, ಹೊಟ್ಟೆ ಬರಿದು ಮಾಡಿಕೊಂಡು, ಮತ್ತೆ ತುಂಬಿಸಿಕೊಂಡು ಹಾರುತ್ತಿದ್ದವಂತೆ. ಆ ಹೊಟ್ಟೆ ಬರಿದು ಮಾಡುವ, ತುಂಬಿಸುವ ಕೆಲಸ ಅಪ್ಪನದು. ಜನರ ಸೂಟ್‌ಕೇಸು, ಹಗ್ಗ ಬಿಗಿದ ರಟ್ಟಿನ ಡಬ್ಬ, ಹಣ್ಣಿನ ಪೆಟ್ಟಿಗೆ, ಒಮ್ಮೊಮ್ಮೆ ಶವಪೆಟ್ಟಿಗೆ, ಎಲ್ಲವನ್ನೂ ತಗ್ಗು ಸೂರಿನ ಆ ಹೊಟ್ಟೆಯೊಳಗೆ ಮಂಡಿಯೂರಿ ಜೋಡಿಸಬೇಕಿತ್ತು. ನಿಲ್ದಾಣದ ಒಳಗಿನ ಹಜಾರವನ್ನು, ಅಲ್ಲಿನ ದೀಪ, ಅಂಗಡಿಗಳನ್ನು ಅಪ್ಪ ನೋಡುತ್ತಿದ್ದುದು ರಜೆಗೆ ಬರುವಾಗ, ಹೋಗುವಾಗ ಮಾತ್ರ. ಉಳಿದ ದಿನ ವಿಮಾನದ ಅಡಿ, ಇಲ್ಲವೇ ಕೆಲಸಗಾರರ ಕ್ಯಾಂಪಿನ ಕೋಣೆ.

ಅದಕ್ಕೆ ಮುಂಚೆ ಅಪ್ಪ ಕಡಕೊಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಇದ್ದರು. ಅದಕ್ಕೆ ಬೀಗ ಬಿತ್ತು. ಒಂದು ವರ್ಷ ಸೈಕಲ್ಲಿನಲ್ಲಿ ಊರೆಲ್ಲ ಸುತ್ತಿ ಕೆಲಸ ಹುಡುಕಿದರು. ಕೊನೆಗೆ ಯಾರೋ ಏಜೆಂಟನ ಮೂಲಕ ಈ ಕೆಲಸ ಸಿಕ್ಕಿತು. ಆಗ ನನಗೆ ಹತ್ತು ವರ್ಷ. ನಮ್ಮದು ಬೋಗಾದಿಯಲ್ಲಿ ಬಾಡಿಗೆ ಮನೆ, ಒಂದು ಹಜಾರ, ಒಂದು ಕೋಣೆ, ಅಡುಗೆಮನೆ. ಸುತ್ತ ಬಡಾವಣೆ ಏಳುತ್ತಿತ್ತು. ನಿನ್ನೆ ಎಮ್ಮೆ ಕಟ್ಟಿದ್ದ ಜಾಗದಲ್ಲಿ ಇವತ್ತು ಜಲ್ಲಿ ರಾಶಿ. ಅಪ್ಪ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು, ಅಮ್ಮ, ಅಪ್ಪನ ತಾಯಿ ಅಂದರೆ ನನ್ನ ಅಜ್ಜಿ. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಮಣೆಯ ಮೇಲೆ ಕರಿ ಹಿಟ್ಟನ್ನು ಉಜ್ಜಿ ಉಜ್ಜಿ ಅವಳ ಅಂಗೈ ಯಾವ ಸೋಪಿಗೂ ಬಿಳುಪಾಗುತ್ತಿರಲಿಲ್ಲ. ಅಜ್ಜಿ ಬೆಳಗ್ಗೆ ಎದ್ದು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ಕೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಎದ್ದೇಳುವುದಕ್ಕೆ ಒಂದು ಗಂಟೆ. ಅವಳಿಗೆ ಕಿವಿ ಮಂದ. ಹಾಗಾಗಿ ಲೋಕವೆಲ್ಲ ಕಿವುಡು ಅನ್ನುವ ಹಾಗೆ ಕೂಗಿ ಮಾತಾಡುತ್ತಿದ್ದಳು.

ಅಪ್ಪ ಎರಡು ವಾರಕ್ಕೊಮ್ಮೆ ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಫೋನು ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ರಾಮಕೃಷ್ಣನಗರದ ಒಂದು ಎಸ್‌ಟಿಡಿ ಬೂತಿನವರು ನಮ್ಮ ಪಾಲಿಗೆ ಒಳ್ಳೆಯವರು, ಅಲ್ಲಿಗೆ ಫೋನು ಬರಲು ಬಿಟ್ಟಿದ್ದರು. ನಾವು ಮೂವರೂ ಏಳೂವರೆಗೆ ಮನೆ ಬಿಟ್ಟು ನಡೆದು ಹೋಗಿ ಬೂತಿನ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದೆವು. ನಾನು ಶಾಲೆಯ ಚೀಲ ಹೊತ್ತುಕೊಂಡೇ ಬಂದಿರುತ್ತಿದ್ದೆ. ನಮಗೆ ಎಂಟಾದಾಗ ಅಲ್ಲಿ ಆರೂವರೆ. ಅಪ್ಪ ಆಗತಾನೆ ರಾತ್ರಿ ಪಾಳಿ ಮುಗಿಸಿ ಬಂದು ನಾಣ್ಯದ ಫೋನಿನ ಮುಂದೆ ನಿಂತಿರುತ್ತಿದ್ದರು.

ಮೊದಲ ವರ್ಷಗಳಲ್ಲಿ ಒಳ್ಳೆಯ ಮಾತಾಗುತ್ತಿತ್ತು. ಅಮ್ಮ ಹೇಳುತ್ತಿದ್ದಳು, ಅಪ್ಪ ಕೇಳುತ್ತಿದ್ದರು, ನಗುತ್ತಿದ್ದರು. ನನ್ನ ಕೈಗೆ ಬಂದಾಗ, "ಮಗಾ, ನಮ್ಮ ಬೋಗಾದಿ, ದಟ್ಟಗಳ್ಳಿ, ರಾಮಕೃಷ್ಣನಗರ ಮೂರನ್ನೂ ಎತ್ತಿ ಇದ್ರೊಳಗಿಟ್ರೂ ಇನ್ನೂ ಜಾಗ ಮಿಗ್ತದೆ ಕಣವ್ವ, ಅಷ್ಟು ದೊಡ್ಡದು ಈ ಏರ್‌ಪೋರ್ಟು," ಅನ್ನುತ್ತಿದ್ದರು. ಕೊನೆಗೆ ಅಜ್ಜಿ. ಅವಳು ಫೋನನ್ನು ಬಾಯಿಯ ಮುಂದೆ ಲೋಟದ ಹಾಗೆ ಹಿಡಿದುಕೊಂಡು, "ಮಗಾ! ಉಂಡ್ಯಾ? ಏನುಂಡೆ?" ಎಂದು ಕೂಗಿದರೆ ರಸ್ತೆಯಾಚೆಯ ಹಾಲಿನ ಬೂತಿನವರೂ ತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು.

ಎರಡನೆಯ ಸಲ ರಜೆಗೆ ಬಂದಾಗ, ಅಂದರೆ ನಾಲ್ಕು ವರ್ಷದ ಮೇಲೆ, ಅಪ್ಪನ ದನಿಯೂ ಅಜ್ಜಿಯದರ ಹಾಗೆ ದೊಡ್ಡದಾಗಿತ್ತು. ರೇಡಿಯೋ ಹಾಕಿದರೆ ಪಕ್ಕದ ಮನೆಯವರು ಬಂದು ಸದ್ದು ಕಡಿಮೆ ಮಾಡಿ ಎಂದು ಕೇಳಿಕೊಳ್ಳಬೇಕು, ಅಷ್ಟು ಜೋರು. ಅಮ್ಮ, "ಊರಿಗೆಲ್ಲ ಕೇಳುಸ್ಬೇಕಾ ನಿಮ್ಮ ರೇಡಿಯೋ?" ಅಂದರೆ ನಕ್ಕು ಸುಮ್ಮನಾಗುತ್ತಿದ್ದರು. ಅಜ್ಜಿಗೆ ಮಾತ್ರ ಬಲು ಹಿಗ್ಗು. "ಈಗ ನೋಡು, ನನ್ನ ಮಗ ಬಾಯಿಬಿಟ್ಟು ಮಾತಾಡೋದು ಕಲ್ತ," ಅನ್ನುತ್ತಿದ್ದಳು. ತಾಯಿ ಮಗ ಇಬ್ಬರೂ ಜಗಲಿಯಲ್ಲಿ ಕೂತು ಕೂಗಾಡಿಕೊಂಡು ಸುಖ ದುಃಖ ಹೇಳಿಕೊಳ್ಳುವುದನ್ನು ನೋಡಿ ನಾನೂ ಅಮ್ಮನೂ ಒಳಗೆ ನಗುತ್ತಿದ್ದೆವು. ಅದು ಏನು ಅನ್ನುವುದು ನಮಗೆ ತಿಳಿಯಲಿಲ್ಲ.

ಅದಾದ ಮೇಲಿನ ವರ್ಷ ಅಜ್ಜಿಯ ಮಂಡಿ ಹಿಡಿದುಕೊಂಡಿತು. ಬೂತಿಗೆ ನಡೆಯುವುದು ನಿಂತಿತು. ಆಮೇಲೆ ಫೋನಿನಲ್ಲಿ ಅಪ್ಪನ ಮಾತು ಬದಲಾಯಿತು. ನಾವು ಹಲೋ ಅನ್ನುವ ಮೊದಲೇ, "ಎಲ್ಲಾ ಚೆನ್ನಾಗಿದ್ದೀರಾ? ಕಾಗದ ಬಂತಾ? ಮಗಾ ಓದ್ತಿದಾಳಾ? ಸಂತೋಷ, ಸಂತೋಷ. ನಾನು ಚೆನ್ನಾಗಿದೀನಿ. ಬೂತಿಗೆ ಅವ್ವನ್ನೂ ಕರ್ಕೊಂಡು ಬನ್ನಿ. ಸರಿ, ಇಡ್ತೀನಿ," ಎಂದು ಒಂದೇ ಉಸಿರಿಗೆ ಒಪ್ಪಿಸಿ ಇಟ್ಟುಬಿಡುತ್ತಿದ್ದರು. ಅಮ್ಮ ಏನಾದರೂ ಕೇಳಿದರೆ "ಹ್ಞೂ, ಹ್ಞೂ, ಆಯ್ತು," ಅನ್ನುವುದು. ಅಮ್ಮ ಬರುವ ದಾರಿಯಲ್ಲಿ ನನ್ನ ಹತ್ತಿರ, "ಅಲ್ಲಿದ್ದು ಇದ್ದು ನಿಮ್ಮಪ್ಪನ ಮನಸ್ಸು ಕಲ್ಲಾಗ್ತಾ ಇದೆ ಕಣೆ," ಅಂದಳು ಒಂದು ದಿನ. ನಾನೂ ಹಾಗೇ ಅಂದುಕೊಂಡೆ. ಹದಿನೈದು ವರ್ಷದ ಹುಡುಗಿಗೆ ಅಮ್ಮ ಹೇಳಿದ್ದೇ ಸರಿ.

ಅಜ್ಜಿ ಸತ್ತದ್ದು ಅಪ್ಪ ಹೋದ ಆರನೆಯ ವರ್ಷ, ಕಾರ್ತಿಕದ ಒಂದು ಸೋಮವಾರ. ಮನೆ ಮಾಲೀಕರು ಆಗಾಗ ಖಾಲಿ ಮಾಡಿ ಅನ್ನುತ್ತಿದ್ದುದನ್ನು ನಾನು ಅಪ್ಪನಿಗೆ ಬರೆದು ಹಾಕಿ ಆಗ ಒಂದು ತಿಂಗಳಾಗಿತ್ತು. ಮೂರು ದಿನ ಜ್ವರ ಬಂದಿತ್ತು. ಡಾಕ್ಟರು ಮನೆಗೇ ಬಂದು ನೋಡಿ ಮಾತ್ರೆ ಕೊಟ್ಟಿದ್ದರು. ಸೋಮವಾರ ಬೆಳಗ್ಗೆ ಸ್ವಲ್ಪ ಗೆಲುವಾದಳು. ಮೈ ಒರೆಸಿಕೊಂಡಳು, ವಿಭೂತಿ ಹಚ್ಚಿಸಿಕೊಂಡಳು. ಗಂಜಿ ಕುಡಿಸುತ್ತಿದ್ದಾಗ ನನ್ನ ಮುಖ ನೋಡಿ, "ಅವ್ನು ಬಂದ್ನಾ?" ಅಂದಳು. ಯಾರು ಅಂದೆ. ಎರಡನೆಯ ಚಮಚ ಗಂಜಿ ಬಾಯಿಂದ ಆಚೆ ಹರಿಯಿತು. ಪಕ್ಕದ ಮನೆಯ ಹೆಂಗಸರು ಬಂದು, ಕಾರ್ತಿಕ ಸೋಮವಾರ ಹೋಗುವುದಕ್ಕೆ ಪುಣ್ಯ ಮಾಡಿರಬೇಕು ಅಂದರು. ಅಮ್ಮನಿಗೆ ಆ ಮಾತು ಬೇಕಿರಲಿಲ್ಲ.

ಅಪ್ಪನ ಕ್ಯಾಂಪಿನ ವಿಳಾಸ ನಮ್ಮ ಹತ್ತಿರ ಇತ್ತು, ಫೋನ್ ನಂಬರು ಇರಲಿಲ್ಲ. ಅವರು ನಾಣ್ಯದ ಫೋನಿನಿಂದ ಮಾಡುವವರು. ಪಕ್ಕದ ಮನೆಯವರು ಟೆಲಿಗ್ರಾಂ ಕೊಡೋಣ ಅಂದರು. ಅಮ್ಮ ಬೇಡ ಅಂದಳು.

"ಪಾಸ್‌ಪೋರ್ಟು ಕಂಪನೀಲಿದೆ, ಹೆಂಗೂ ಬರಕ್ಕಾಗಲ್ಲ. ಅಲ್ಲಿ ಒಬ್ರೇ ಇರ್ತಾರೆ. ಆ ತುಂಡು ಕಾಗದ ಕೈಗೆ ಬಂದ್ರೆ ಎದೆ ಒಡ್ಕೊಂಬುಡ್ತಾರೆ. ಶುಕ್ರವಾರ ನಾನೇ ಹೇಳ್ತೀನಿ, ಮೆಲ್ಲಗೆ," ಅಂದಳು.

ಕಡಕೊಳದ ಆಚೆ ಒಳದಾರಿಯಲ್ಲಿ ಅಪ್ಪನ ಹಿರಿಯರ ಊರು. ಅಲ್ಲಿ ಮಠದ ಅಯ್ಯನವರು ಬಂದು ಮಾಡಬೇಕಾದ್ದನ್ನೆಲ್ಲ ಮಾಡಿದರು. ಮಗ ನಿಲ್ಲಬೇಕಾದ ಜಾಗದಲ್ಲಿ ಅಪ್ಪನ ಚಿಕ್ಕಪ್ಪನ ಮಗ ನಿಂತರು. ಅಜ್ಜಿಯನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಸುತ್ತ ತುಂಬಿ ಮಣ್ಣು ಮುಚ್ಚಿದರು. ಅವಳ ತಲೆಯ ಮೇಲಿನ ಸೆರಗು ಕೊನೆಯವರೆಗೂ ಜಾರಲಿಲ್ಲ. ಅದನ್ನೇ ನೋಡುತ್ತಾ ನಿಂತಿದ್ದೆ.

ಶುಕ್ರವಾರ ನಾನೂ ಅಮ್ಮನೂ ಏಳು ಗಂಟೆಗೇ ಬೂತಿಗೆ ಹೋಗಿ ಕೂತೆವು. ಬೂತಿನವರಿಗೆ ವಿಷಯ ಗೊತ್ತಿತ್ತು. ಅವರು ಎದ್ದು ಆಚೆ ನಿಂತು, ಗಾಜಿನ ಬಾಗಿಲೊಳಗೆ ನಮ್ಮಿಬ್ಬರನ್ನೇ ಬಿಟ್ಟರು. ಫೋನು ಬಂತು. ನಾನು ಅಮ್ಮನ ಕೆನ್ನೆಗೆ ಕೆನ್ನೆ ಆನಿಸಿ ನಿಂತಿದ್ದರಿಂದ ಎರಡೂ ಕಡೆಯ ಮಾತು ನನಗೆ ಕೇಳಿಸುತ್ತಿತ್ತು.

"ಎಲ್ಲಾ ಚೆನ್ನಾಗಿದ್ದೀರಾ?"

"ರೀ," ಅಂದಳು ಅಮ್ಮ. "ಅತ್ತೆ ಹೋಗ್ಬುಟ್ರು ಕಣ್ರೀ."

ಆ ಕಡೆ ಇನ್ನೊಂದು ನಾಣ್ಯ ಬಿದ್ದ ಸದ್ದಾಯಿತು.

"ಸೋಮವಾರ ಬೆಳಗ್ಗೆ ಹೋದ್ರು. ಜ್ವರ ಬಂದಿತ್ತು. ಏನೂ ನರಳಲಿಲ್ಲ ಕಣ್ರೀ," ಅನ್ನುತ್ತಾ ಅಮ್ಮ ಅಳುವುದಕ್ಕೆ ಶುರು ಮಾಡಿದಳು.

ಅಪ್ಪ ದೊಡ್ಡ ದನಿಯಲ್ಲಿ, ಎಂದಿನ ಹಾಗೇ ಅಂದರು: "ಅದಕ್ಯಾಕೆ ಅಳ್ತೀಯ? ಎಲ್ಲಾರ್ಗೂ ಇದ್ದದ್ದೇ ಬುಡು. ನಾನು ಬಂದ್ಮೇಲೆ ನೋಡ್ಕೊಳ್ಳಣ."

"ಕೇಳುಸ್ತಾ ನಿಮ್ಗೆ, ನಾನು ಹೇಳಿದ್ದು?"

"ಕೇಳುಸ್ತು, ಕೇಳುಸ್ತು. ಸರಿ, ಹುಷಾರಾಗಿರಿ. ಇಡ್ತೀನಿ."

ಅಮ್ಮ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಬೂತಿನವರು ಬಾಗಿಲು ತೆಗೆದು, "ಏನಂದ್ರಮ್ಮ, ಬರ್ತಾರಂತಾ?" ಅಂದಾಗ ಫೋನನ್ನು ಅವರ ಕೈಗೇ ಕೊಟ್ಟು ಆಚೆ ಬಂದಳು. ಮನೆಗೆ ಬಂದು ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯಲು ಕೂತಳು. ಸೂತಕದ ಮನೆಯಲ್ಲಿ ಕೆಲಸಕ್ಕೆ ಕೂತಳಲ್ಲ ಎಂದು ಪಕ್ಕದವರು ಆಡಿಕೊಂಡರು.

ಹನ್ನೊಂದನೆಯ ದಿನದ ಕಾರ್ಯವೆಲ್ಲ ಮುಗಿದ ಮೇಲೆ ನಾನು ಅಪ್ಪನಿಗೆ ಒಂದು ಕಾಗದ ಬರೆದೆ. ನಮ್ಮ ಮನೆಯ ಕಾಗದ ಬರೆಯುವವಳು ನಾನೇ. ಐದು ಹಾಳೆ. ಜ್ವರ ಹೇಗೆ ಬಂತು, ಡಾಕ್ಟರು ಏನಂದರು, ಅಜ್ಜಿ ಯಾರನ್ನು ಕೇಳಿದಳು, ಗುಂಡಿ ಎಲ್ಲಿ ತೋಡಿದರು, ಯಾರು ಯಾರು ಬಂದಿದ್ದರು, ಎಲ್ಲ ಬರೆದೆ. ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಅಂಚೆ ಡಬ್ಬಿಯವರೆಗೆ ಹೋದೆ. "ಎಲ್ಲಾರ್ಗೂ ಇದ್ದದ್ದೇ ಬುಡು" ಅನ್ನುವ ಮಾತು ಕಿವಿಯಲ್ಲಿತ್ತು. ಹೆತ್ತ ತಾಯಿ ಸತ್ತಳು ಅಂದರೆ ಹಾಗೆ ಅನ್ನುವವರಿಗೆ ಇಷ್ಟೆಲ್ಲ ಯಾಕೆ ಹೇಳಬೇಕು ಅನ್ನಿಸಿತು. ವಾಪಸ್ಸು ತಂದು ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಅಡಿ ಇಟ್ಟೆ. ಯಾರೂ ನನಗೆ ಹಾಗೆ ಮಾಡು ಅಂದಿರಲಿಲ್ಲ. ಅಂಚೆಗೆ ಹಾಕಿದೆ ಎಂದು ಅಮ್ಮನಿಗೆ ಹೇಳಿದೆ.

ಆಮೇಲೆ ನಾವು ಬೂತಿಗೆ ಹೋಗುವುದನ್ನು ಬಿಟ್ಟೆವು. ಒಂದು ದಿನ ನಾನು ಟ್ಯೂಷನ್ನಿನಿಂದ ಬರುವಾಗ ಬೂತಿನವರು ಕರೆದು ಹೇಳಿದರು: "ಶುಕ್ರವಾರ ನಿಮ್ಮಪ್ಪಾರು ಮಾಡಿದ್ರು ಕಣಮ್ಮ. ಅವ್ರು ಬಂದಿಲ್ಲ ಸಾರ್ ಅಂತ ನಾನು ಹೇಳ್ತಾನೇ ಇದ್ದೀನಿ, ಅವರ ಪಾಡಿಗೆ ಅವರು 'ಚೆನ್ನಾಗಿದ್ದೀರಾ, ಕಾಗದ ಬಂತಾ' ಅಂತ ನನ್ನ ಹತ್ರಾನೇ ಎಲ್ಲಾ ಮಾತಾಡಿ ಇಟ್ಬುಟ್ರು. ಲೈನ್ ಸರಿಯಿಲ್ವೋ ಏನೋ." ನಾನು ಲೈನು ಸರಿಯಿಲ್ಲ ಅಂತಲೇ ಅಂದುಕೊಂಡು ಬಂದೆ.

ಒಂದು ತಿಂಗಳ ಮೇಲೆ ಅಪ್ಪನ ಕಾಗದ ಬಂತು. ಅವರು ಬರೆಯುವುದೇ ಅಪರೂಪ, ನಾಲ್ಕು ಸಾಲು. ಕೊನೆಯಲ್ಲಿ ಎಂದಿನ ಹಾಗೆ, ಅವ್ವನಿಗೆ ನನ್ನ ನಮಸ್ಕಾರ ತಿಳಿಸುವುದು, ಅಂತ ಇತ್ತು. ಅಲ್ಲಿಂದ ಕಾಗದ ಬರುವುದಕ್ಕೆ ಎರಡು ಮೂರು ವಾರ ಹಿಡಿಯುತ್ತಿತ್ತು, ಒಮ್ಮೊಮ್ಮೆ ಇನ್ನೂ ಹೆಚ್ಚು. ಮುಂಚೆ ಬರೆದದ್ದಿರಬೇಕು ಅಂದುಕೊಂಡೆವು. ಅಮ್ಮ ಅದನ್ನು ಎರಡನೆಯ ಸಲ ಓದಿಸಿಕೊಳ್ಳಲಿಲ್ಲ.

ಅಪ್ಪ ಬಂದದ್ದು ಮಾಘದಲ್ಲಿ. ಹೇಳದೆ ಕೇಳದೆ ಬಂದರು. ಬೆಳಗ್ಗೆ ಒಂಬತ್ತು ಗಂಟೆಯಿರಬಹುದು. ಆಟೋ ನಿಂತ ಸದ್ದಾಯಿತು. ಅಪ್ಪ ಒಂದು ಸೂಟ್‌ಕೇಸು, ಹಗ್ಗ ಬಿಗಿದ ಒಂದು ಡಬ್ಬ ಇಳಿಸಿಕೊಂಡು ಬಾಗಿಲಿಗೆ ಬಂದರು. ಬಹಳ ಬಡವಾಗಿದ್ದರು. ಅಮ್ಮ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು, ಬನ್ನಿ ಅನ್ನಲಿಲ್ಲ. ಅಪ್ಪ ನಮ್ಮಿಬ್ಬರನ್ನೂ ನೋಡಿ ನಕ್ಕು, ಬೂಟು ಬಿಚ್ಚಿ, "ಅವ್ವಾ!" ಎಂದು ಕೂಗಿಕೊಂಡು ನೇರ ಕೋಣೆಗೆ ಹೋದರು.

ಕೋಣೆಯಲ್ಲಿ ಅಜ್ಜಿಯ ಮಂಚ ಇರಲಿಲ್ಲ. ಅದನ್ನು ಊರಿನ ನೆಂಟರಿಗೆ ಕೊಟ್ಟುಬಿಟ್ಟಿದ್ದೆವು. ಆ ಜಾಗದಲ್ಲಿ ಒಣಗಿದ ಊದುಬತ್ತಿಯ ಕಟ್ಟುಗಳಿದ್ದವು. ಅಪ್ಪ ತಿರುಗಿ ಬಂದು, "ಅವ್ವ ಎಲ್ಲಿ? ಮಠಕ್ಕೆ ಹೋದ್ಲಾ? ಮಂಡಿ ವಾಸಿ ಆಯ್ತಾ?" ಅಂದರು.

ಅಮ್ಮನ ಮುಖ ಕೆಂಪಾಯಿತು. "ಏನಾಟ ಆಡ್ತಿದ್ದೀರಿ? ಅವರು ಸತ್ತು ಮೂರು ತಿಂಗಳಾಯ್ತು!"

"ಹ್ಞಾ, ಹ್ಞಾ," ಅಂದರು ಅಪ್ಪ ನಗುತ್ತಾ. "ಬರ್ಲಿ, ಬರ್ಲಿ. ಅಲ್ಲೀಗಂಟ ಒಂದು ಲೋಟ ಕಾಫಿ ಮಾಡು." ಬಗ್ಗಿ ಡಬ್ಬದ ಹಗ್ಗ ಬಿಚ್ಚತೊಡಗಿದರು.

ಅಮ್ಮ ಕಿರಿಚಿದಳು. ಏನೇನೋ ಅಂದಳು. ಆರು ವರ್ಷದ್ದೆಲ್ಲ ಅಂದಳು. ಅಪ್ಪ ಬೆನ್ನು ತಿರುಗಿಸಿಕೊಂಡು ಗಂಟು ಬಿಚ್ಚುತ್ತಲೇ ಇದ್ದರು. ಅಮ್ಮ ಸಿಟ್ಟಿನಲ್ಲಿ ಹಿಂದೆ ಸರಿಯುವಾಗ ಕಾಲು ತಾಗಿ ಸ್ಟೀಲಿನ ಬಿಂದಿಗೆ ಉರುಳಿ ಸಿಮೆಂಟಿನ ನೆಲದ ಮೇಲೆ ಢಣಢಣ ಬಡಿಯಿತು. ನಾನು ಬೆಚ್ಚಿಬಿದ್ದೆ. ಅಪ್ಪ ತಿರುಗಲಿಲ್ಲ. ನೀರು ಹರಿದು ಬಂದು ಪಾದಕ್ಕೆ ತಾಗಿದ ಮೇಲೆ, ಇದೇನು ಅನ್ನುವ ಹಾಗೆ ಹಿಂದೆ ನೋಡಿದರು.

ಆಗ ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವಳ ಮುಖಕ್ಕೆಲ್ಲ ಕರಿ ಹಿಟ್ಟು ಮೆತ್ತಿತು.

ನಾನು ನೋಟ್‌ಪುಸ್ತಕ ತಂದು ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದೆ. ಅಜ್ಜಿ ತೀರಿಕೊಂಡರು. ಅಪ್ಪ ಓದಿದರು. ಮತ್ತೆ ಓದಿದರು. "ಯಾವಾಗ?" ಅಂದರು. ಕಾರ್ತಿಕದಲ್ಲಿ ಅಂತ ಬರೆದೆ. ಅಮ್ಮ ಫೋನಿನಲ್ಲಿ ಹೇಳಿದಳು ಅಂತ ಬರೆದೆ. ಅದನ್ನು ಬರೆಯಬಾರದಿತ್ತು. ಅಪ್ಪ ಗೋಡೆಗೆ ಬೆನ್ನು ಕೊಟ್ಟು ನೀರಿನಲ್ಲೇ ಕುಕ್ಕರಿಸಿದರು.

"ಮನೆ ಮಾಲೀಕ್ರು ಖಾಲಿ ಮಾಡಿ ಅಂತಾವ್ರೆ ಅಂತ ನೀನು ಮುಂಚಿನ ಕಾಗ್ದದಲ್ಲಿ ಬರೆದಿದ್ದೆ," ಅಂದರು, ನನ್ನನ್ನು ನೋಡಿ. "ನಿಮ್ಮಮ್ಮ ಅಳೋ ಹಂಗೆ ಇತ್ತು ಫೋನಲ್ಲಿ. ಅದಕ್ಕೇ ಅಳ್ತಾವ್ಳೆ ಅಂದ್ಕೊಂಡೆ. ಬಾಡಿಗೆ ಮನೇಲಿರೋ ಎಲ್ಲಾರ್ಗೂ ಇದ್ದದ್ದೇ ಅಂದೆ."

ನಾನು ಒಳಗೆ ಹೋಗಿ ಟ್ರಂಕಿನಿಂದ ಆ ಲಕೋಟೆ ತೆಗೆದು ತಂದು ಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ, ಬಚ್ಚಿಡುವ ಶಕ್ತಿ ಆಗ ಇರಲಿಲ್ಲ. ಅಪ್ಪ ಐದು ಹಾಳೆಯನ್ನೂ ನಿಧಾನವಾಗಿ, ಬೆರಳಿಟ್ಟುಕೊಂಡು ಓದಿದರು. ಅಂಚೆ ಮುದ್ರೆಯಿಲ್ಲದ ಲಕೋಟೆಯನ್ನು ತಿರುಗಿಸಿ ನೋಡಿದರು. "ಇದನ್ಯಾಕೆ ಕಳಿಸ್ಲಿಲ್ಲ ಮಗಾ?" ಅಂದರು. ನಾನು ಬಾಯಿ ತೆರೆದೆ. ಏನೋ ಹೇಳಿದೆ. ಏನು ಹೇಳಿದೆನೆಂದು ನನಗೇ ನೆನಪಿಲ್ಲ. ಅವರಿಗಂತೂ ಕೇಳಿಸಲಿಲ್ಲ. ಪೆನ್ನು ನನ್ನ ಕೈಯಲ್ಲೇ ಇತ್ತು, ಬರೆಯಲಿಲ್ಲ. ಅಪ್ಪ ಎರಡನೆಯ ಸಲ ಕೇಳಲಿಲ್ಲ. ಆ ದಿನವೂ ಇಲ್ಲ, ಆಮೇಲೆ ಎಂದೂ ಇಲ್ಲ.

ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೇಳಿದರು. ವಿಮಾನ ಬಂದು ನಿಂತು ಎಂಜಿನ್ ಪೂರ್ತಿ ಆರುವ ಮುಂಚೆಯೇ ಇವರು ಹತ್ತಿರ ಹೋಗಬೇಕಂತೆ, ತಡವಾದರೆ ಮೇಸ್ತ್ರಿ ಬೈಯುತ್ತಾನೆ. ಕಿವಿಗೆ ಹಾಕಿಕೊಳ್ಳುವ ದಪ್ಪ ಮುಚ್ಚಳ ಕೊಟ್ಟಿದ್ದರಂತೆ. ಅದನ್ನು ಹಾಕಿಕೊಂಡರೆ ಹಿಂದೆ ಸರಿಯುವ, ಸಾಮಾನು ಎಳೆಯುವ ಟ್ರಾಕ್ಟರಿನ ಸದ್ದೂ ಕೇಳುವುದಿಲ್ಲ, ಮೇಸ್ತ್ರಿಯ ಕೂಗೂ ಕೇಳುವುದಿಲ್ಲ. ಆ ಸೆಕೆಗೆ ಒಳಗೆಲ್ಲ ಬೆವರಿ ಹುಣ್ಣಾಗುತ್ತಿತ್ತಂತೆ. ಹಾಗಾಗಿ ಎಲ್ಲರೂ ತೆಗೆದು ಹತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಮೊದಲು ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಯಿತಂತೆ. ಆಮೇಲೆ ಜೀರುಂಡೆಯೊಂದೇ ಉಳಿಯಿತು.

"ಹೇಳಿದ್ರೆ ಅವತ್ತೇ ಕಳಿಸ್ಬುಡೋರು. ನಿಮ್ಗೆ ಹೇಳಿದ್ರೆ ನೀವು ವಾಪಸ್ ಬಾ ಅಂತಿದ್ರಿ. ಬಂದು ಏನ್ ಮಾಡ್ಲಿ?" ಅಂದರು. "ಫೋನಲ್ಲಿ ಅವ್ವನ ಕೂಗು ಒಂದು ಗೊತ್ತಾಗ್ತಿತ್ತು. ಅವ್ಳು ಬರೋದು ನಿಂತ ಮೇಲೆ ಒಂದು ಮಾತೂ ತಿಳೀತಿರ್ಲಿಲ್ಲ, ಎಲ್ಲೋ ಒಂದಿಷ್ಟು ಗುಂಯ್ ಅನ್ನೋದು ಅಷ್ಟೇ. ಆದ್ರೂ ಮಾಡ್ತಿದ್ದೆ. ನನ್ನ ದನಿಯಾದ್ರೂ ನಿಮ್ಗೆ ಕೇಳ್ಲಿ ಅಂತ."

ಕೊನೆಗೆ ಒಂದು ಗಾಡಿ ಹಿಂದೆ ಬಂದದ್ದು ತಿಳಿಯದೆ ಚಕ್ರಕ್ಕೆ ಸಿಗುವುದರಲ್ಲಿದ್ದರಂತೆ. ಜೊತೆಯವರು ಎಳೆದುಕೊಂಡರು. ಆಮೇಲೆ ಪರೀಕ್ಷೆ ಮಾಡಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ವಿಮಾನ ಹತ್ತಿಸಿದರು.

ಮರುದಿನ ಅಪ್ಪನನ್ನು ಊರಿಗೆ ಕರೆದುಕೊಂಡು ಹೋದೆವು. ಸಮಾಧಿಯ ಮಣ್ಣು ಅಷ್ಟರಲ್ಲಿ ಕುಸಿದು, ಹುಲ್ಲು ಬಂದು ಒಣಗಿತ್ತು. ಅಪ್ಪ ಅತ್ತದ್ದು ಅಲ್ಲಿ. ತಮ್ಮ ಅಳು ತಮಗೇ ಕೇಳಿಸದವರು ಹೇಗೆ ಅಳುತ್ತಾರೆಂದು ಅವತ್ತು ನೋಡಿದೆ. ಅದನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ಹೊಲದಲ್ಲಿದ್ದವರು ಕೆಲಸ ಬಿಟ್ಟು ಓಡಿಬಂದರು, ಏನೋ ಹಾವು ಕಚ್ಚಿತೆಂದು.

ಕಿವಿಯ ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ, ಒಳಗಿನ ನರ ಸತ್ತಿದೆ ಅಂದರು. ಒಂದು ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡರೆ ಕುಯ್ಯೋ ಅನ್ನುತ್ತಿತ್ತು, ಅಪ್ಪ ಕಿತ್ತು ಗೂಡಿನಲ್ಲಿಟ್ಟರು. ಕಡಕೊಳದಲ್ಲಿ ಹೊಸ ಹೊಸ ಕಾರ್ಖಾನೆಗಳು ಬಂದಿದ್ದವು. ಸೈಕಲ್ಲು ತುಳಿದುಕೊಂಡು ಹೋಗಿ ಕೇಳಿದರು. ಯಂತ್ರಗಳ ನಡುವೆ ಕಿವುಡನನ್ನು ಯಾರು ಇಟ್ಟುಕೊಳ್ಳುತ್ತಾರೆ? ಆಮೇಲೆ ಅಮ್ಮನ ಎದುರಿಗೆ ಇನ್ನೊಂದು ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯಲು ಕಲಿತರು. ಸೂಟ್‌ಕೇಸು ಎತ್ತಿ ಎತ್ತಿ ಗಂಟುಕಟ್ಟಿದ ಬೆರಳುಗಳು. ಕಡ್ಡಿ ಮುರಿಯುತ್ತಿತ್ತು.

ಜನ ಅಂದುಕೊಳ್ಳುವ ಹಾಗೆ ದುಃಖ ನಮ್ಮನ್ನು ಹತ್ತಿರ ಮಾಡಲಿಲ್ಲ. ಅಪ್ಪನಿಗೆ ಅನುಮಾನ ಹತ್ತಿಕೊಂಡಿತು. ನಾನೂ ಅಮ್ಮನೂ ಮಾತಾಡುತ್ತಿದ್ದರೆ ನಮ್ಮ ತುಟಿಗಳನ್ನೇ ನೋಡುತ್ತಾ ಬಂದು ನಿಲ್ಲುತ್ತಿದ್ದರು. "ಏನಂದೆ? ನನ್ನ ವಿಷ್ಯ ಏನಂದೆ?" ಹುಣಸೆಹಣ್ಣು ಮುಗಿದಿದೆ ಅಂದೆ ಅಂತ ಬರೆದು ತೋರಿಸಿದರೂ ನಂಬುತ್ತಿರಲಿಲ್ಲ. ಒಂದು ಸಲ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಅಮ್ಮನ ಜೊತೆ ನಕ್ಕರೆಂದು ಅವರ ಮೇಲೆ ಕೂಗಾಡಿಬಿಟ್ಟರು. ಅಂದಿನಿಂದ ಯಾರೂ ಬರುವುದನ್ನು ಬಿಟ್ಟರು. ನಾವಿಬ್ಬರೂ ಅಪ್ಪನ ಮುಂದೆ ಮಾತಾಡುವುದನ್ನು ಬಿಟ್ಟೆವು. ಆಮೇಲೆ ಅಪ್ಪ ಇಲ್ಲದಾಗಲೂ ಬಿಟ್ಟೆವು. ಮೂರು ಜನರ ಮನೆಯಲ್ಲಿ ಮಣೆಯ ಮೇಲೆ ಅಂಗೈ ಉಜ್ಜುವ ಸದ್ದು ಬಿಟ್ಟರೆ ಬೇರೇನಿಲ್ಲ. ಅಮ್ಮ ಮಾತ್ರ ಒಮ್ಮೊಮ್ಮೆ, ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಅವರ ಬೆನ್ನಿಗೆ ಏನೋ ಮೆಲ್ಲಗೆ ಹೇಳುತ್ತಾ ಕೂತಿರುತ್ತಿದ್ದಳು. ನಾನು ಕಂಡರೆ ನಿಲ್ಲಿಸುತ್ತಿದ್ದಳು.

ಹೀಗೆ ಹತ್ತು ವರ್ಷ. ನಾನು ಓದು ಮುಗಿಸಿ ಶಾಲೆಯಲ್ಲಿ ಟೀಚರಾದೆ, ಮದುವೆಯಾಗಿ ರಾಮಕೃಷ್ಣನಗರಕ್ಕೆ ಬಂದೆ. ಭಾನುವಾರ ಭಾನುವಾರ ಹೋಗಿ ಬರುತ್ತಿದ್ದೆ. ಅಷ್ಟು ಹೊತ್ತಿಗೆ ಬೋಗಾದಿಯಲ್ಲಿ ಹಳ್ಳಿ ಅನ್ನುವುದು ಹೆಸರಿಗೂ ಉಳಿದಿರಲಿಲ್ಲ. ನಮ್ಮ ಮನೆಯ ಎರಡೂ ಕಡೆ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಮೂರು ಮಹಡಿ ಕಟ್ಟಡಗಳು ಎದ್ದಿದ್ದವು. ಅವರ ಪಾರ್ಟಿ ಗಲಾಟೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ಬೀದಿಯವರೆಲ್ಲ ದೂರುತ್ತಿದ್ದರು. ಅಪ್ಪ ನಿದ್ದೆ ಮಾಡುತ್ತಿದ್ದರು.

ಒಂದು ಗುರುವಾರ ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ಅಮ್ಮ ಫೋನು ಮಾಡಿದಳು. ಅಪ್ಪನಿಗೆ ಲಕ್ವ ಹೊಡೆದಿತ್ತು. ಆಸ್ಪತ್ರೆಗೆ ಸೇರಿಸಿದೆವು. ಅಮ್ಮ ಗಾಬರಿಯಲ್ಲಿ ಕಿವಿಯ ವಿಷಯ ಯಾರಿಗೂ ಹೇಳಿರಲಿಲ್ಲ. ನಾನು ಔಷಧ ತರಲು ಕೆಳಗೆ ಹೋಗಿದ್ದೆ. ಬರುವಷ್ಟರಲ್ಲಿ ಒಬ್ಬ ಎಳೆಯ ಡಾಕ್ಟರು ಅಪ್ಪನ ತಲೆಯ ಪಕ್ಕ ನಿಂತು, "ಯಜಮಾನ್ರೇ! ಕಣ್ಣು ಬಿಡಿ! ಯಜಮಾನ್ರೇ!" ಎಂದು ಎರಡು ಮೂರು ಸಲ ಕೂಗಿ, ನರ್ಸಿನ ಕಡೆ ತಿರುಗಿ, "ಕರೆದ್ರೆ ಪ್ರತಿಕ್ರಿಯೆ ಇಲ್ಲ, ಪ್ರಜ್ಞೆ ಇಲ್ಲ ಅಂತ ಬರ್ಕೊಳ್ಳಿ," ಅನ್ನುತ್ತಿದ್ದರು.

"ಅವ್ರಿಗೆ ಕಿವಿ ಕೇಳಲ್ಲ ಡಾಕ್ಟ್ರೇ," ಅಂದೆ.

ಡಾಕ್ಟರು ನನ್ನನ್ನು ನೋಡಿದರು. "ಮೊದ್ಲೇ ಹೇಳ್ಬಾರ್ದಾ?" ಅಂದರು.

ನಾನು ಬಗ್ಗಿ ಅಪ್ಪನ ಕೆನ್ನೆ ಮುಟ್ಟಿದೆ. ಕಣ್ಣು ಬಿಟ್ಟರು. ಎಷ್ಟು ಹೊತ್ತಿನಿಂದ ಎಚ್ಚರವಿದ್ದರೋ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ನನ್ನ ಮುಖ, ಡಾಕ್ಟರ ಮುಖ, ನರ್ಸಿನ ಮುಖ, ಒಂದೊಂದಾಗಿ ನೋಡಿದರು. ಔಷಧದ ಚೀಟಿಯ ಹಿಂದೆ, ಏನಾದರೂ ಬೇಕಾ ಅಂತ ಬರೆದು ಕಣ್ಣ ಮುಂದೆ ಹಿಡಿದೆ. ತೊದಲಿಕೊಂಡು, ಬಹಳ ಮೆಲ್ಲಗೆ ಅಂದರು. ಅಷ್ಟು ಮೆಲ್ಲನೆಯ ದನಿ ಅವರದು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

"ನೀನು ಮಾತಾಡ್ತಾ ಇರು. ನೋಡ್ತಿರ್ತೀನಿ."

ನಾನು ಸ್ಟೂಲು ಎಳೆದುಕೊಂಡು ಅವರ ಕಣ್ಣಿಗೆ ನೇರ ಕೂತು ಮಾತಾಡಿದೆ. ಶಾಲೆಯಲ್ಲಿ ಒಂದು ಮಗು ಬಳಪ ನುಂಗಿದ್ದು, ನಮ್ಮ ಬೀದಿಯಲ್ಲಿ ನೀರಿನ ಪೈಪು ಒಡೆದದ್ದು, ಅತ್ತೆಯ ಮನೆಯಲ್ಲಿ ಹಾಲು ಉಕ್ಕಿದ್ದಕ್ಕೆ ಆದ ಜಗಳ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಪಕ್ಕದ ಮಂಚದವರು ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಪ್ಪ ರೆಪ್ಪೆ ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸಂಜೆ ಅಮ್ಮ ಬಂದು ಕೂತಳು. ಅವಳಿಗೂ ಹೇಳಿದೆ, ಮಾತಾಡು ಅಂತ. ಅವಳು ಬಾಯಿ ತೆರೆದಳು, ಅವಳಿಗೆ ಏನೂ ಬರಲಿಲ್ಲ. ಅಪ್ಪನ ಮುಖದ ಎದುರಿಗೆ ಮಾತಾಡಿ ಅಭ್ಯಾಸ ತಪ್ಪಿಹೋಗಿತ್ತು. ಸುಮ್ಮನೆ ಕಾಲು ಒತ್ತುತ್ತಾ ಕೂತಳು.

ಶನಿವಾರ ಬೆಳಗ್ಗೆ ಅಪ್ಪ ಹೋದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಬೋಗಾದಿಯ ಮನೆ ಖಾಲಿ ಮಾಡಿ ಅಮ್ಮನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಮೊದಲ ವಾರ ನನ್ನ ಗಂಡ, "ನಿಮ್ಮಮ್ಮ ಯಾಕೆ ಮಾತೇ ಆಡಲ್ಲ? ನಮ್ಮ ಮೇಲೆ ಏನಾದ್ರೂ ಬೇಜಾರಾ?" ಎಂದು ಕೇಳಿದರು. ಇಲ್ಲ ಅಂದೆ. ಅಡುಗೆಮನೆಯಲ್ಲಿ ಅಮ್ಮ, ಅಪ್ಪನಿಗೆ ಮಾಡುತ್ತಿದ್ದ ಹಾಗೆ, ನನ್ನ ತೋಳು ತಟ್ಟಿ, ಖಾಲಿ ಉಪ್ಪಿನ ಡಬ್ಬವನ್ನು ಎತ್ತಿ ತೋರಿಸಿದಳು.